ಪ್ಲಾಸ್ಟಿಕ್ ತೋಳಿನಲ್ಲಿ ನರಗಳ ಜಾಡು: ಬಿಚ್ಚಿ ಜೋಡಿಸುವ ಮಾದರಿಯೊಂದರ ವಿಮರ್ಶೆ

ತೋಳಿನ ನರಗಳನ್ನು ಕಲಿಸುವ ಮಾದರಿಯನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು: ಪ್ರತಿ ನರ ಯಾವುದರ ಅಡಿಯಲ್ಲಿ ನುಸುಳುತ್ತದೆ, ಯಾವ ಎರಡರ ನಡುವೆ ಹಾಯುತ್ತದೆ, ಯಾವ ಮೂಳೆಗೆ ಒರಗಿಕೊಂಡು ಸಾಗುತ್ತದೆ ಎಂಬುದು ಕೈಗೆ ಸಿಗುತ್ತದೆಯೇ? ನರಕ್ಕೆ ಪೆಟ್ಟಾಗುವುದು, ಅದು ಒತ್ತಿಕೊಂಡು ಬೆರಳು ಜೋಮು ಹಿಡಿಯುವುದು ಹೆಚ್ಚಾಗಿ ಇಂಥ ತಾಣಗಳಲ್ಲೇ. ಹಳದಿ ಗೆರೆಗಳು ಎಷ್ಟೇ ಇರಲಿ, ಈ ನೆರೆಹೊರೆ ತಪ್ಪಿದ್ದರೆ ಮಾದರಿ ಬರೀ ಅಲಂಕಾರ. ಇಲ್ಲಿ ಪರೀಕ್ಷಿಸಿರುವ ಮಾದರಿ ಮೇಲ್ತೋಳಿನಲ್ಲಿ ಈ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ, ಮೊಣಕೈಯಲ್ಲಿ ಅರ್ಧ ಉತ್ತರಿಸುತ್ತದೆ, ಅಂಗೈಗೆ ಬರುವಷ್ಟರಲ್ಲಿ ಸೋಲುತ್ತದೆ. ಸೋತ ಕಡೆ ಏನು ಮಾಡಿಕೊಳ್ಳಬಹುದು ಎಂಬುದನ್ನೂ ಜೊತೆಯಲ್ಲೇ ಹೇಳುತ್ತೇವೆ.

ಇದು ಭುಜದಿಂದ ಬೆರಳ ತುದಿಯವರೆಗಿನ ಬಲಗೈ. ವಯಸ್ಕರ ತೋಳಿನಷ್ಟೇ ಉದ್ದವಿದ್ದು ಪಿವಿಸಿಯಲ್ಲಿ ಎರಕ ಹೊಯ್ದದ್ದು. ಅಂಗೈ ಮುಂದಕ್ಕೆ ತಿರುಗಿರುವಂತೆ, ಮೊಣಕೈ ನೆಟ್ಟಗಿರುವಂತೆ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಆರು ಭಾಗಗಳು ಬಿಚ್ಚಿಕೊಳ್ಳುತ್ತವೆ: ಭುಜವನ್ನು ಹೊದಿಸಿದ ಡೆಲ್ಟಾಯ್ಡ್ ಸ್ನಾಯು, ಮೇಲ್ತೋಳಿನ ಹಿಂಬದಿಯ ಟ್ರೈಸೆಪ್ಸ್‌ನ ಹೊರ ತಲೆ ಮತ್ತು ಉದ್ದ ತಲೆ (ಸ್ನಾಯು ಶುರುವಾಗುವ ಕವಲುಗಳು) ಸೇರಿದ ತುಂಡು, ಮೇಲ್ತೋಳಿನ ಮುಂಬದಿಯ ಬೈಸೆಪ್ಸ್, ಮುಂಗೈಯ ಹೆಬ್ಬೆರಳ ಬದಿಯ ಬ್ರೇಕಿಯೋರೇಡಿಯಾಲಿಸ್ ಜೊತೆಗೆ ಮಣಿಕಟ್ಟನ್ನು ಹಿಂದಕ್ಕೆತ್ತುವ ಉದ್ದ ಸ್ನಾಯು, ಮಣಿಕಟ್ಟನ್ನು ಮುಂದಕ್ಕೆ ಮಡಚುವ ಪಾಲ್ಮಾರಿಸ್ ಲಾಂಗಸ್ ಜೊತೆಗೆ ಫ್ಲೆಕ್ಸರ್ ಕಾರ್ಪಿ ರೇಡಿಯಾಲಿಸ್, ಕೊನೆಗೆ ಅಂಗೈಯ ಮೇಲ್ಪದರ. ನರ ಹಳದಿ, ಅಪಧಮನಿ ಕೆಂಪು, ಅಭಿಧಮನಿ ನೀಲಿ.

ಬಿಚ್ಚುವ ಕ್ರಮ ಪೆಟ್ಟಿಗೆಯ ಜೊತೆಗಿನ ಹಾಳೆಯಲ್ಲಿಲ್ಲ, ಇರಲೇಬೇಕಿತ್ತು. ಡೆಲ್ಟಾಯ್ಡ್‌ನ ಕೆಳತುದಿ ಟ್ರೈಸೆಪ್ಸ್ ತುಂಡಿನ ಅಂಚಿನ ಮೇಲೆ ಕೂತಿರುವುದರಿಂದ ಮೊದಲು ಡೆಲ್ಟಾಯ್ಡ್ ತೆಗೆಯಬೇಕು, ಆಮೇಲೆ ಟ್ರೈಸೆಪ್ಸ್, ಅದಾದ ಮೇಲೆ ಬೈಸೆಪ್ಸ್. ಟ್ರೈಸೆಪ್ಸ್‌ಗೆ ಮೊದಲೇ ಕೈ ಹಾಕಿದರೆ ಅದರ ಮೇಲಿನ ಪಿನ್ ಓರೆಯಾಗಿ ತಿರುಚಿ ಬುಡದಲ್ಲಿ ಬಿರುಕು ಬಿಡುತ್ತದೆ. ಎಲ್ಲ ತುಂಡುಗಳನ್ನೂ ಪಿನ್ ಇರುವ ದಿಕ್ಕಿನಲ್ಲೇ ನೆಟ್ಟಗೆ ಎಳೆಯಬೇಕು, ಅಲ್ಲಾಡಿಸಿ ಕೀಳಬಾರದು. ಅಂಗೈಯ ಪದರಕ್ಕೆ ಮಾತ್ರ ಅಯಸ್ಕಾಂತ ಕೊಟ್ಟಿದ್ದಾರೆ. ಉಳಿದ ಐದಕ್ಕೂ ಅದನ್ನೇ ಕೊಡಬಹುದಿತ್ತು.

ಮೊದಲ ಕೊರತೆ ಭುಜದ ಬಳಿಯೇ. ತೋಳಿನ ಎಲ್ಲ ಮುಖ್ಯ ನರಗಳ ಮೂಲವಾದ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ನರಜಾಲ ಕುತ್ತಿಗೆಯಲ್ಲಿ, ಮುಂದಿನ ಮತ್ತು ನಡುವಿನ ಸ್ಕೇಲೀನ್ ಸ್ನಾಯುಗಳ ಸಂದಿನಲ್ಲಿ ಶುರುವಾಗುತ್ತದೆ. ಬೆನ್ನುಹುರಿಯಿಂದ ಹೊರಡುವ ಸಿ5ರಿಂದ ಟಿ1ರವರೆಗಿನ ಐದು ಬೇರುಗಳು (ಸಿ ಎಂದರೆ ಕುತ್ತಿಗೆಯ, ಟಿ ಎಂದರೆ ಎದೆಯ ಮಟ್ಟದವು), ಮೂರು ಕಾಂಡಗಳು, ಕ್ಲಾವಿಕಲ್‌ನ (ಕೊರಳೆಲುಬಿನ) ಹಿಂದೆ ಆರು ಕವಲುಗಳು, ಕಂಕುಳಲ್ಲಿ ಮೂರು ಹುರಿಗಳು, ಕೊನೆಗೆ ಐದು ನರಗಳು. ಈ ಮಾದರಿ ಕಂಕುಳಲ್ಲಿ, ಹುರಿಗಳು ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ಕತ್ತರಿಸಿದ ಬದಿಯಲ್ಲಿ ಮೂರು ಹಳದಿ ಚುಕ್ಕೆಗಳಷ್ಟೇ ಕಾಣುತ್ತವೆ. ತೋಳಿನ ಮಾದರಿಗೆ ಕುತ್ತಿಗೆ ಅಂಟಿಸಲಾಗದು ಎಂಬುದು ನಿಜ, ಆದರೆ ಹುರಿಗಳ ಹೆಸರಿನ ಅರ್ಥವಾದರೂ ಉಳಿಯಬೇಕಿತ್ತು. ಹೊರ, ಒಳ, ಹಿಂದಿನ ಹುರಿ ಎಂಬ ಹೆಸರುಗಳು ಬಂದಿರುವುದು ಕಂಕುಳಿನ ಆಕ್ಸಿಲರಿ ಅಪಧಮನಿಯ ಎರಡನೇ ಭಾಗಕ್ಕೆ, ಅಂದರೆ ಎದೆಯ ಪೆಕ್ಟೊರಾಲಿಸ್ ಮೈನರ್ ಸ್ನಾಯುವಿನ ಹಿಂದಿರುವ ಭಾಗಕ್ಕೆ, ಅವು ಯಾವ ಬದಿಯಲ್ಲಿವೆ ಎಂಬುದರಿಂದ. ಇಲ್ಲಿ ಆ ಸ್ನಾಯುವೇ ಇಲ್ಲ.

ಈ ಕೊರತೆಯನ್ನು ಕಸೂತಿ ನೂಲು ತುಂಬಿಕೊಡುತ್ತದೆ. ಆರು ಎಳೆಯ ಕಸೂತಿ ದಾರ ಬೇಕು, ಹಳದಿಯ ಐದು ತುಂಡು, ಹಸಿರಿನ ಐದು ತುಂಡು, ಒಂದೊಂದೂ 50 ಸೆಂ.ಮೀ. ಒಂದು ರಟ್ಟಿನ ಅಂಚಿಗೆ 2 ಸೆಂ.ಮೀ. ಅಂತರದಲ್ಲಿ ಐದು ಕಡೆ, ಒಂದು ಹಳದಿ ಒಂದು ಹಸಿರು ಜೋಡಿಸಿ ಅಂಟಿಸಿ, ಸಿ5, ಸಿ6, ಸಿ7, ಸಿ8, ಟಿ1 ಎಂದು ಬರೆಯಿರಿ. 8 ಸೆಂ.ಮೀ. ಕೆಳಗೆ ಮೊದಲ ಎರಡನ್ನು ಸೇರಿಸಿ ಗಂಟು ಹಾಕಿ, ಇದು ಮೇಲಿನ ಕಾಂಡ. ಸಿ7 ಒಂಟಿಯಾಗಿ ನಡುವಿನ ಕಾಂಡ. ಕೊನೆಯ ಎರಡು ಸೇರಿ ಕೆಳಗಿನ ಕಾಂಡ. ಈಗ ಬಣ್ಣ ಬೇರ್ಪಡಿಸಿ: ಹಳದಿ ಮುಂದಿನ ಕವಲು, ಹಸಿರು ಹಿಂದಿನ ಕವಲು. ಹಸಿರು ಅಷ್ಟೂ ಒಟ್ಟಾದರೆ ಹಿಂದಿನ ಹುರಿ. ಮೇಲಿನ ಮತ್ತು ನಡುವಿನ ಕಾಂಡದ ಹಳದಿ ಸೇರಿದರೆ ಹೊರ ಹುರಿ, ಕೆಳಗಿನ ಕಾಂಡದ ಹಳದಿ ಒಂದೇ ಒಳ ಹುರಿ.

ಇನ್ನು ಐದು ನರಗಳು: ಮಸ್ಕ್ಯುಲೋಕ್ಯುಟೇನಿಯಸ್, ಮೀಡಿಯನ್, ಅಲ್ನರ್, ಆಕ್ಸಿಲರಿ, ರೇಡಿಯಲ್. ಹೊರ ಹುರಿಯ ಪ್ರತಿ ದಾರದಿಂದ ಮೂರು ಎಳೆ ಮಸ್ಕ್ಯುಲೋಕ್ಯುಟೇನಿಯಸ್‌ಗೆ, ಉಳಿದ ಮೂರು ಮೀಡಿಯನ್‌ನ ಹೊರ ಬೇರಿಗೆ. ಒಳ ಹುರಿಯ ಪ್ರತಿ ದಾರದಿಂದ ಮೂರು ಎಳೆ ಮೀಡಿಯನ್‌ನ ಒಳ ಬೇರಿಗೆ, ಉಳಿದವು ಅಲ್ನರ್‌ಗೆ. ಮೀಡಿಯನ್‌ನ ಎರಡೂ ಬೇರುಗಳನ್ನು ಅಪಧಮನಿಯ ಮುಂದೆ ಸೇರಿಸಿದಾಗ ಹೆಸರುವಾಸಿಯಾದ 'ಎಂ' ಆಕಾರ ತಾನಾಗಿ ಮೂಡುತ್ತದೆ. ಹಿಂದಿನ ಹುರಿಯಲ್ಲಿ ಸಿ5, ಸಿ6 ದಾರಗಳಿಂದ ಮೂರು ಮೂರು ಎಳೆ ಆಕ್ಸಿಲರಿಗೆ, ಮಿಕ್ಕದ್ದೆಲ್ಲ ರೇಡಿಯಲ್‌ಗೆ. ಟಿ1ರ ಹಸಿರಿನಲ್ಲಿ ಒಂದೇ ಎಳೆ ಉಳಿಸಿಕೊಂಡರೆ ಸಾಕು, ಹಿಂದಿನ ಹುರಿಗೆ ಅದರ ಪಾಲು ಚಿಕ್ಕದು. ಎಳೆಗಳ ಲೆಕ್ಕ ನರದ ದಪ್ಪವನ್ನು ಹೇಳುವುದಿಲ್ಲ, ಯಾವ ಬೇರು ಎಲ್ಲಿಗೆ ತಲುಪುತ್ತದೆ ಎಂಬುದನ್ನಷ್ಟೇ ಹೇಳುತ್ತದೆ.

ಕಟ್ಟಿ ಮುಗಿದ ಮೇಲೆ ಮೇಲಿನ ಕಾಂಡವನ್ನು ಕತ್ತರಿಯಿಂದ ಕತ್ತರಿಸಿ ನೋಡಿ. ಆಕ್ಸಿಲರಿ ಪೂರ್ತಿ ಸಡಿಲವಾಗುತ್ತದೆ, ಮಸ್ಕ್ಯುಲೋಕ್ಯುಟೇನಿಯಸ್ ಮೂರರಲ್ಲಿ ಎರಡು ಪಾಲು ಕಳೆದುಕೊಳ್ಳುತ್ತದೆ, ಅಲ್ನರ್ ಬಿಗಿಯಾಗಿಯೇ ಉಳಿಯುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆ ಒಂದು ಬದಿಗೆ ಎಳೆದುಕೊಂಡು ಭುಜ ಸಿಕ್ಕಿಹಾಕಿಕೊಂಡಾಗ ಆಗುವ ಅರ್ಬ್ ಪಾರ್ಶ್ವವಾಯುವಿನಲ್ಲಿ ತೋಳು ಯಾಕೆ ಮೇಲೇಳುವುದಿಲ್ಲ, ಮೊಣಕೈ ಯಾಕೆ ಮಡಚುವುದಿಲ್ಲ, ಆದರೂ ಬೆರಳುಗಳು ಯಾಕೆ ಮುಷ್ಟಿ ಕಟ್ಟುತ್ತವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇರೆಲ್ಲೂ ಸಿಗದು.

ಮಾದರಿ ನಿಜವಾಗಿ ಗೆಲ್ಲುವುದು ರೇಡಿಯಲ್ ನರದಲ್ಲಿ. ಟ್ರೈಸೆಪ್ಸ್ ತುಂಡು ತೆಗೆದೊಡನೆ ಮೇಲ್ತೋಳಿನ ಮೂಳೆಯಾದ ಹ್ಯೂಮರಸ್‌ನ ಹಿಂಬದಿಯಲ್ಲಿ ಓರೆಯಾಗಿ ಇಳಿಯುವ ಕಾಲುವೆ ಕಾಣುತ್ತದೆ. ಅದರಲ್ಲಿ ಹಳದಿ ನರ, ಪಕ್ಕದಲ್ಲೇ ಪ್ರೊಫಂಡಾ ಬ್ರೇಕಿಯೈ ಅಪಧಮನಿ. ಬಣ್ಣ ಬಳಿದ ಗೆರೆಯಾಗಿರದೆ ಬೆರಳಿಗೆ ತಾಕುವ ಉಬ್ಬಾಗಿದೆ, ಮೂಳೆಗೂ ನರಕ್ಕೂ ನಡುವೆ ಎಷ್ಟು ಕಡಿಮೆ ರಕ್ಷಣೆ ಇದೆ ಎಂಬುದು ಮುಟ್ಟಿದರೆ ತಿಳಿಯುತ್ತದೆ. ಮೇಲ್ತೋಳಿನ ನಡುಭಾಗದ ಮೂಳೆ ಮುರಿದಾಗ ಈ ನರಕ್ಕೆ ಪೆಟ್ಟಾಗುವುದು, ತೋಳನ್ನು ಕುರ್ಚಿಯ ಬೆನ್ನಿನ ಮೇಲೆ ನೇತುಹಾಕಿ ಗಾಢವಾಗಿ ನಿದ್ದೆ ಹೋದವರ ಮಣಿಕಟ್ಟು ಬೆಳಗ್ಗೆ ಜೋತುಬೀಳುವುದು ಇಲ್ಲೇ. ಇನ್ನೂ ಮೆಚ್ಚಬೇಕಾದ ಸೂಕ್ಷ್ಮವೊಂದಿದೆ. ಟ್ರೈಸೆಪ್ಸ್‌ಗೆ ಹೋಗುವ ಶಾಖೆಗಳಲ್ಲಿ ಹೆಚ್ಚಿನವನ್ನು ಕಾಲುವೆಗೆ ಇಳಿಯುವ ಮುಂಚೆಯೇ ಕವಲೊಡೆಸಿದ್ದಾರೆ. ಕಾಲುವೆಯಲ್ಲಿ ಪೆಟ್ಟಾದವರಿಗೆ ಮಣಿಕಟ್ಟು ಬಿದ್ದರೂ ಮೊಣಕೈ ನೀಡುವ ಶಕ್ತಿ ಬಹುಪಾಲು ಉಳಿಯುವ ಕಾರಣ ಅದೇ. ಇದಕ್ಕಿಂತ ದೊಡ್ಡ ಮಾದರಿಗಳಲ್ಲೂ ಈ ಎಚ್ಚರ ಅಪರೂಪ.

ಕಾಲುವೆ ದಾಟಿದ ನರ ಮೊಣಕೈಯ ಹೊರಗಂಟಿಗಿಂತ ಸುಮಾರು 10 ಸೆಂ.ಮೀ. ಮೇಲೆ ಸ್ನಾಯುಗಳ ನಡುವಿನ ಪರದೆಯನ್ನು ತೂರಿ ಮುಂಬದಿಗೆ ಬರುತ್ತದೆ. ಬ್ರೇಕಿಯೋರೇಡಿಯಾಲಿಸ್ ತುಂಡನ್ನು ತೆಗೆದರೆ ಮೊಣಕೈಯ ಮುಂದೆ ಅದು ಎರಡಾಗುವುದೂ ಕಾಣುತ್ತದೆ. ಚರ್ಮದ ಸ್ಪರ್ಶಕ್ಕೆ ಹೋಗುವ ಮೇಲಿನ ಶಾಖೆ ರೇಡಿಯಲ್ ಅಪಧಮನಿಯ ಹೊರಬದಿಯಲ್ಲಿ ಸರಿಯಾಗಿಯೇ ಇಳಿದು, ಮುಂಗೈಯ ಕೆಳಭಾಗದಲ್ಲಿ ಬ್ರೇಕಿಯೋರೇಡಿಯಾಲಿಸ್ ಸ್ನಾಯುರಜ್ಜುವಿನ ಅಡಿಯಿಂದ ಹೊರಬಂದು ಹೆಬ್ಬೆರಳಿನ ಹಿಂಬದಿಗೆ ಹೊರಳುತ್ತದೆ. ಬಿಗಿಯಾದ ಗಡಿಯಾರದ ಪಟ್ಟಿ ಅಲ್ಲಿ ಉರಿ ತರುವುದು ಯಾಕೆಂದು ವಿವರಿಸಲು ಇಷ್ಟು ಸಾಕು. ಆಳದ ಶಾಖೆಯಲ್ಲಿ ಮಾತ್ರ ಎಡವಿದ್ದಾರೆ. ಅಂಗೈಯನ್ನು ಮೇಲಕ್ಕೆ ತಿರುಗಿಸುವ ಸುಪೈನೇಟರ್ ಸ್ನಾಯು ಒಂದೇ ಗಟ್ಟಿ ಉಂಡೆ. ನರ ಅದರ ಮೇಲಂಚಿನಲ್ಲಿ ನಿಂತುಹೋಗಿ, ಹಿಂಬದಿಯಲ್ಲಿ ಮತ್ತೆಲ್ಲೋ ಹುಟ್ಟುತ್ತದೆ. ಎರಡು ಪದರಗಳ ನಡುವೆ ಅದು ನುಸುಳುವ ದಾರಿಯೂ, ದಾರಿಯ ಬಾಯಲ್ಲಿರುವ ಫ್ರೋಸೆ ಕಮಾನೂ ಇಲ್ಲ. ಅಲ್ಲಿ ಸಿಕ್ಕಿಕೊಂಡ ನರದ ಚಿತ್ರವೇ ಬೇರೆ: ಬೆರಳುಗಳು ನೀಡುವುದಿಲ್ಲ, ಆದರೆ ಮಣಿಕಟ್ಟು ಹೆಬ್ಬೆರಳ ಕಡೆಗೆ ವಾಲಿಕೊಂಡು ಮೇಲೇಳುತ್ತದೆ, ಸ್ಪರ್ಶವೂ ಕೆಡುವುದಿಲ್ಲ. ಯಾಕೆಂದರೆ ಮಣಿಕಟ್ಟನ್ನು ಎತ್ತುವ ಉದ್ದ ಸ್ನಾಯುವಿಗೆ ಶಾಖೆ ಇನ್ನೂ ಮೇಲೆಯೇ ಹೋಗಿರುತ್ತದೆ. ಕಲಿಸುವವರು ಇದನ್ನು ಬಾಯಿಮಾತಿನಲ್ಲಿ ಸೇರಿಸಬೇಕಾಗುತ್ತದೆ.

ಬೈಸೆಪ್ಸ್ ತೆಗೆದರೆ ಮೀಡಿಯನ್ ನರ ಬ್ರೇಕಿಯಲ್ ಅಪಧಮನಿಯ ಹೊರಬದಿಯಿಂದ ನಡುದಾರಿಯಲ್ಲಿ ಅದರ ಮುಂದೆ ಹಾದು ಒಳಬದಿಗೆ ಬರುವುದು ಸರಿಯಾಗಿದೆ. ಮೊಣಕೈ ಗುಳಿಯಲ್ಲಿ ಒಳಗಿನಿಂದ ಹೊರಕ್ಕೆ ನರ, ಅಪಧಮನಿ, ಬೈಸೆಪ್ಸ್ ರಜ್ಜು ಎಂಬ ಸಾಲೂ ಸರಿ. ಮಸ್ಕ್ಯುಲೋಕ್ಯುಟೇನಿಯಸ್ ಕೊರಾಕೊಬ್ರೇಕಿಯಾಲಿಸ್ ಸ್ನಾಯುವನ್ನು ತೂರಿ ಹೋಗಬೇಕು, ಇಲ್ಲಿ ಮೇಲಿಂದ ಜಾರಿಹೋಗಿದೆ. ಆ ನರವನ್ನು ಗುರುತಿಸುವ ದಾರಿಯೇ ಅದು, ಹಾಗಾಗಿ ಇದು ಚಿಕ್ಕ ತಪ್ಪಲ್ಲ.

ಮೊಣಕೈಯ ಒಳಗಂಟಿನ ಹಿಂದೆ ಅಲ್ನರ್ ನರದ ಕಾಲುವೆ ಸಾಕಷ್ಟು ಆಳವಾಗಿದೆ. ಬೆರಳಾಡಿಸಿದರೆ ನರ ಉರುಳಿದಂತೆ ಭಾಸವಾಗುತ್ತದೆ, ಎಲ್ಲೋ ತಗುಲಿ ಕಿರುಬೆರಳಿಗೆ ಕರೆಂಟು ಹೊಡೆದಂತಾಗುವ ಜಾಗ ಇದೇ. ಮೇಲ್ತೋಳಿನ ನಡುವಿನಲ್ಲಿ ನರ ಮುಂಬದಿಯಿಂದ ಹಿಂಬದಿಗೆ ದಾಟುವುದನ್ನೂ, ಅಲ್ಲಿಯವರೆಗೆ ಒಂದು ಶಾಖೆಯನ್ನೂ ಕೊಡದಿರುವುದನ್ನೂ ಪಾಲಿಸಿದ್ದಾರೆ. ಆದರೆ ಗಂಟನ್ನು ದಾಟಿದ ಮೇಲೆ ಮುಂಗೈಯ ಒಳಬದಿಯ ಸ್ನಾಯುವಾದ ಫ್ಲೆಕ್ಸರ್ ಕಾರ್ಪಿ ಅಲ್ನಾರಿಸ್‌ನ ಎರಡು ತಲೆಗಳು ಒಂದೇ ಮುದ್ದೆ. ಅವುಗಳ ನಡುವೆ ಚಾಚಿ, ಅಲ್ನರ್ ಹಾಯುವ ಕ್ಯೂಬಿಟಲ್ ಟನಲ್ ಎಂಬ ಕೊಳವೆಗೆ ಚಾವಣಿಯಾಗುವ ಪಟ್ಟಿ ಇಲ್ಲವೇ ಇಲ್ಲ. ಮಾದರಿಯ ಮೊಣಕೈ ಮಡಚುವುದೂ ಇಲ್ಲವಾದ್ದರಿಂದ ಮುಖ್ಯ ಸಂಗತಿಯೊಂದು ತಪ್ಪಿಹೋಗುತ್ತದೆ: ಮೊಣಕೈ ಮಡಚಿದಷ್ಟೂ ಆ ಚಾವಣಿ ಬಿಗಿಯುತ್ತದೆ, ಒಳಜಾಗ ಕಿರಿದಾಗುತ್ತದೆ, ನರ ಹಿಗ್ಗಿ ಎಳೆದುಕೊಳ್ಳುತ್ತದೆ. ಕೈ ಮಡಚಿ ಮಲಗಿದವರಿಗೆ, ಫೋನು ಕಿವಿಗೆ ಹಿಡಿದು ಹೊತ್ತು ಕಳೆದವರಿಗೆ ಕಿರುಬೆರಳು ಜೋಮು ಹಿಡಿಯುವುದು ಇದರಿಂದ. 2 ಸೆಂ.ಮೀ. ಅಗಲದ ಎಲಾಸ್ಟಿಕ್ ಪಟ್ಟಿಯ ಒಂದು ತುದಿಯನ್ನು ಒಳಗಂಟಿಗೂ ಇನ್ನೊಂದನ್ನು ಮೊಣಕೈ ಮೂಳೆಯ ತುದಿಗೂ ಅಂಟಿಸಿದರೆ ಚಾವಣಿಯ ಜಾಗವಾದರೂ ತಿಳಿಯುತ್ತದೆ. ಬಿಗಿತವನ್ನು ತಮ್ಮ ತಮ್ಮ ಮೊಣಕೈಯನ್ನೇ ಮಡಚಿ ಮುಟ್ಟಿ ನೋಡಬೇಕು.

ಇನ್ನು ಮಣಿಕಟ್ಟು. ಬಹುಪಾಲು ಜನ ಇಂಥ ಮಾದರಿಯನ್ನು ಕೊಳ್ಳುವುದೇ ಈ ಎರಡು ಅಂಗುಲಕ್ಕಾಗಿ, ಅದಕ್ಕೇ ಇಲ್ಲಿನ ತಪ್ಪುಗಳು ಹೆಚ್ಚು ನೋಯಿಸುತ್ತವೆ. ಕಾರ್ಪಲ್ ಟನಲ್ ಎಂದರೆ ಮಣಿಕಟ್ಟಿನ ಮೂಳೆಗಳ ಬಾಗಿದ ತೊಟ್ಟಿ, ಮೇಲೆ ಫ್ಲೆಕ್ಸರ್ ರೆಟಿನಾಕ್ಯುಲಮ್ ಎಂಬ ಗಟ್ಟಿ ಮುಚ್ಚಳ. ಒಳಗೆ ಒಂಬತ್ತು ಸ್ನಾಯುರಜ್ಜುಗಳು ಮತ್ತು ಒಂದು ನರ: ಬೆರಳು ಮಡಚುವ ಮೇಲ್ಪದರದ ನಾಲ್ಕು, ಆಳದ ನಾಲ್ಕು, ಹೆಬ್ಬೆರಳಿನ ಉದ್ದ ರಜ್ಜು ಒಂದು, ಜೊತೆಗೆ ಮೀಡಿಯನ್. ಹಿಗ್ಗಲು ಜಾಗವಿಲ್ಲದ ಈ ಕೊಳವೆಯಲ್ಲಿ ರಜ್ಜುಗಳ ಸುತ್ತಲಿನ ಪೊರೆ ಊದಿಕೊಂಡರೆ ಒತ್ತಡವನ್ನು ಹೊರುವುದು ನರವೇ. ಮಾದರಿಯಲ್ಲಿ ಅಂಗೈಯ ಪದರವನ್ನು ಎತ್ತಿದರೆ ರೆಟಿನಾಕ್ಯುಲಮ್ ಕೂಡ ಅದರೊಂದಿಗೇ ಬರುತ್ತದೆ, ಒಳಗೆ ನಾಲ್ಕು ರಜ್ಜುಗಳಷ್ಟೇ ಕಾಣುತ್ತವೆ. ಉಳಿದ ಐದು ಎರಕದಲ್ಲಿ ಕರಗಿಹೋಗಿವೆ. ಫ್ಲೆಕ್ಸರ್ ಕಾರ್ಪಿ ರೇಡಿಯಾಲಿಸ್‌ನ ರಜ್ಜುವನ್ನು ಕೊಳವೆಯ ಒಳಗೆ ಕೂರಿಸಿದ್ದಾರೆ. ಅದಕ್ಕೆ ತನ್ನದೇ ಬೇರೆ ಓಣಿ ಇದೆ, ಟನಲ್‌ನ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮೀಡಿಯನ್‌ನಿಂದ ಅಂಗೈ ಚರ್ಮಕ್ಕೆ ಹೋಗುವ ಶಾಖೆ ಮಣಿಕಟ್ಟಿಗಿಂತ ಸುಮಾರು 5 ಸೆಂ.ಮೀ. ಮೇಲೆಯೇ ಕವಲೊಡೆದು ಮುಚ್ಚಳದ ಮೇಲಿಂದ ಸಾಗುತ್ತದೆ. ಕಾರ್ಪಲ್ ಟನಲ್ ತೊಂದರೆಯಲ್ಲಿ ಬೆರಳುಗಳು ಜೋಮು ಹಿಡಿದರೂ ಹೆಬ್ಬೆರಳಿನ ಬುಡದ ಅಂಗೈ ಚರ್ಮ ಚೆನ್ನಾಗಿರುವುದಕ್ಕೆ ಇದೇ ಕಾರಣ. ಅಲ್ಲೂ ಸ್ಪರ್ಶ ಕೆಟ್ಟಿದ್ದರೆ ತೊಂದರೆಯನ್ನು ಇನ್ನೂ ಮೇಲೆ ಹುಡುಕಬೇಕು. ಮಾದರಿಯಲ್ಲಿ ಈ ಶಾಖೆಯನ್ನು ಮುಚ್ಚಳದ ಅಡಿಯಲ್ಲಿ ಹಾಯಿಸಿದ್ದಾರೆ. ಹಳದಿ ಅಕ್ರಿಲಿಕ್ ಬಣ್ಣದಿಂದ ಪದರದ ಮೇಲೆ ಸರಿಯಾದ ಗೆರೆ ಬರೆದು, ಕೆಳಗಿನದನ್ನು ಸ್ನಾಯುವಿನ ಬಣ್ಣದಿಂದ ಮುಚ್ಚುವುದೊಂದೇ ಉಪಾಯ. ಹೆಬ್ಬೆರಳಿನ ದಿಬ್ಬದ ಸ್ನಾಯುಗಳಿಗೆ ಹಿಂತಿರುಗಿ ಹೋಗುವ ಶಾಖೆ ಮಾತ್ರ ಸರಿಯಾದ ಜಾಗದಲ್ಲಿದೆ, ರೆಟಿನಾಕ್ಯುಲಮ್‌ನ ಕೆಳಅಂಚಿನಲ್ಲಿ ಕೊಕ್ಕೆಯಂತೆ ಬಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬುದನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ.

ಅಲ್ನರ್ ನರ ಮುಚ್ಚಳದ ಮೇಲಿಂದ, ಪಿಸಿಫಾರ್ಮ್ ಮೂಳೆಯ ಪಕ್ಕದಲ್ಲಿ ಅಂಗೈಗೆ ಇಳಿಯುತ್ತದೆ, ಅಪಧಮನಿ ಅದರ ಹೊರಬದಿಗೆ. 1861ರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಗಿಯೋಂ ವಿವರಿಸಿದ ಈ ಓಣಿ ಮಾದರಿಯಲ್ಲಿ ಚೆನ್ನಾಗಿದೆ. ಅಲ್ಲಿಂದ ಮುಂದೆ ಏನೂ ಇಲ್ಲ. ಹ್ಯಾಮೇಟ್ ಮೂಳೆಯ ಕೊಕ್ಕೆಯನ್ನು ಸುತ್ತಿ ಅಂಗೈಯ ಆಳಕ್ಕೆ ಹೊರಳುವ ಶಾಖೆಯನ್ನು ಪೂರ್ತಿ ಬಿಟ್ಟಿದ್ದಾರೆ. ಕೈಯೊಳಗಿನ ಸಣ್ಣ ಸ್ನಾಯುಗಳಲ್ಲಿ ಮೀಡಿಯನ್‌ಗೆ ಸೇರಿದ್ದು ಸಾಮಾನ್ಯವಾಗಿ ಐದು: ಹೆಬ್ಬೆರಳ ದಿಬ್ಬದ ಮೂರು, ಮೊದಲೆರಡು ಲಂಬ್ರಿಕಲ್‌ಗಳು. ಮಿಕ್ಕ ಬಹುಪಾಲು ಅಲ್ನರ್‌ನದು, ಅದರಲ್ಲೂ ಬೆರಳು ಅಗಲಿಸುವ, ಕೂಡಿಸುವ ಇಂಟರಾಸಿಯಸ್ ಸ್ನಾಯುಗಳೆಲ್ಲ ಈ ಆಳದ ಶಾಖೆಯವು. ಹೆಬ್ಬೆರಳನ್ನು ಅಂಗೈಗೆ ಸೇರಿಸುವ ಅಡಕ್ಟರ್ ಪಾಲಿಸಿಸ್ ಕೂಡ. ಹೆಬ್ಬೆರಳು, ತೋರುಬೆರಳ ನಡುವೆ ಕಾಗದ ಹಿಡಿಸಿ ಎಳೆಯುವ ಫ್ರೊಮಾಂ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಈ ಮಾದರಿ ಮೌನ. ಅಡಕ್ಟರ್ ಸೋತಾಗ ರೋಗಿ ಮೀಡಿಯನ್‌ನ ಅಧೀನದ ಉದ್ದ ಸ್ನಾಯುವಿನ ಸಹಾಯ ಪಡೆದು ಹೆಬ್ಬೆರಳ ತುದಿಗೆಣ್ಣನ್ನು ಮಡಚುತ್ತಾನೆ. ಆ ಎರಡೂ ಸ್ನಾಯು, ಎರಡೂ ನರ ಪಕ್ಕಪಕ್ಕದಲ್ಲಿ ಕಾಣದೆ ಇದು ಮನಸ್ಸಿಗೆ ಇಳಿಯುವುದು ಕಷ್ಟ. ಅಂಗೈ ವಿಷಯವನ್ನು ಮುಖ್ಯವಾಗಿ ಕಲಿಸುವವರು ಪದರ ಪದರವಾಗಿ ಬಿಚ್ಚುವ ಕೈಯ ಪ್ರತ್ಯೇಕ ಮಾದರಿಯನ್ನೇ ಕೊಳ್ಳಬೇಕು.

ಚರ್ಮವಿಲ್ಲದ ಮಾದರಿಯಲ್ಲಿ ಸ್ಪರ್ಶದ ಹಂಚಿಕೆ ತೋರಿಸಲು ಬಿಳಿ ರಬ್ಬರ್ ಗ್ಲೌಸ್ ಒಂದು, ಮೂರು ಬಣ್ಣದ ಮಾರ್ಕರ್ ಸಾಕು. ಅಂಗೈ ಬದಿಯಲ್ಲಿ ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗೆ ಮೀಡಿಯನ್. ಇದೇ ಬೆರಳುಗಳ ತುದಿಯ ಹಿಂಬದಿ, ಉಗುರಿನ ಸುತ್ತಲೂ, ಅದರದೇ ಎಂಬುದನ್ನು ಮರೆಯಬೇಡಿ. ಉಂಗುರಬೆರಳಿನ ಇನ್ನರ್ಧ ಮತ್ತು ಕಿರುಬೆರಳು ಎರಡೂ ಬದಿಯಲ್ಲಿ ಅಲ್ನರ್. ಹಿಂಗೈಯ ಹೆಬ್ಬೆರಳ ಕಡೆ ರೇಡಿಯಲ್. ಪರೀಕ್ಷೆಗೆ ಮೂರು ಚುಕ್ಕೆ ಇಡಿ: ತೋರುಬೆರಳ ತುದಿ, ಕಿರುಬೆರಳ ತುದಿ, ಹಿಂಬದಿಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು. ಉಂಗುರಬೆರಳ ನಡುಗೆರೆಯನ್ನು ದಪ್ಪವಾಗಿ ಎಳೆಯಿರಿ. ಜೋಮು ಆ ಗೆರೆಗೇ ನಿಂತರೆ ಸಂದೇಹ ಕೈಯ ನರದ ಮೇಲೆ ಬೀಳುತ್ತದೆ. ಬೆರಳು ಇಡಿಯಾಗಿ ಜೋಮು ಹಿಡಿದು, ಮುಂಗೈಯ ಒಳಬದಿಗೂ ಹಬ್ಬಿದ್ದರೆ ಕುತ್ತಿಗೆಯ ಸಿ8 ಬೇರನ್ನೂ ಕೆಳಗಿನ ಕಾಂಡವನ್ನೂ ನೋಡಬೇಕಾಗುತ್ತದೆ.

ದಪ್ಪದ ವಿಚಾರದಲ್ಲಿ ಮಾದರಿ ಕಣ್ಣಿಗೆ ಮೋಸ ಮಾಡುತ್ತದೆ. ಬೆರಳುಗಳ ಪಕ್ಕದ ಸಣ್ಣ ನರಗಳನ್ನೂ ಮುಂಗೈಯ ಮೀಡಿಯನ್‌ನಷ್ಟೇ ದಪ್ಪ ಮಾಡಿದ್ದಾರೆ. ನಿಜವಾದ ಮೀಡಿಯನ್‌ನ ಅಡ್ಡಕೊಯ್ತ ಮಣಿಕಟ್ಟಿನಲ್ಲಿ ಸುಮಾರು 10 ಚದರ ಮಿ.ಮೀ. ಒಳಗೆ ಇರುತ್ತದೆ. ಅಲ್ಟ್ರಾಸೌಂಡ್ ಕಲಿಯುವವರು ಈ ಅಳತೆಯನ್ನು ಬೇರೆಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಾದರಿಯ ಭಾಗಗಳ ಮೇಲೆ ಬರೆದ ಅಂಕಿಗಳಿಗೆ ಹೆಸರು ಹೇಳುವ ಪಟ್ಟಿಯಲ್ಲೂ ತಪ್ಪುಗಳಿವೆ. ಪಾಲ್ಮಾರಿಸ್ ಲಾಂಗಸ್‌ನ ರಜ್ಜುವಿಗೆ ಬರೆದ ಅಂಕಿ ಪಟ್ಟಿಯಲ್ಲಿ ನರ ಎಂದಿದೆ, ಮಣಿಕಟ್ಟಿನಲ್ಲಿ ಚಪ್ಪಟೆಯಾಗಿ ಮೇಲೆಯೇ ಕಾಣುವ ಈ ರಜ್ಜುವನ್ನು ಕಲಿಯುವವರು ಮೊದಲೇ ನರವೆಂದು ತಪ್ಪು ತಿಳಿಯುತ್ತಾರೆ. ಕಪ್ಪು ಪೆನ್ನಿನಿಂದ ಮೊದಲ ದಿನವೇ ತಿದ್ದಿಬಿಡಿ. ಮೀಡಿಯನ್‌ನಿಂದ ಅಲ್ನರ್‌ಗೆ ಮುಂಗೈಯಲ್ಲಿ ಎಳೆಗಳು ದಾಟುವ ಮಾರ್ಟಿನ್-ಗ್ರೂಬರ್ ಜೋಡಣೆಯಂಥ ವ್ಯತ್ಯಾಸಗಳು ಇಲ್ಲಿಲ್ಲ, ಇರಬೇಕೆಂದು ಕೇಳುವುದೂ ನ್ಯಾಯವಲ್ಲ. ನರದ ವೇಗ ಅಳೆಯುವ ಪರೀಕ್ಷೆ ಮಾಡುವವರಿಗೆ ಮಾತ್ರ ಅದನ್ನು ಹೇಳದೆ ಬಿಡಬಾರದು, ಅಳತೆಗಳ ಅರ್ಥವೇ ಬದಲಾಗಿಬಿಡುತ್ತದೆ.

ಶುಚಿಗೊಳಿಸಲು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಬಿಟ್ಟು ಬೇರೇನೂ ಬೇಡ. ಅಸಿಟೋನ್ ಪಿವಿಸಿಯನ್ನೇ ಮೆತ್ತಗಾಗಿಸುತ್ತದೆ, ಸ್ಪಿರಿಟ್ ಬಣ್ಣವನ್ನು ತೆಗೆಯುತ್ತದೆ, ಮೊದಲು ಹೋಗುವುದು ತೆಳ್ಳಗೆ ಬಳಿದ ನರಗಳ ಹಳದಿಯೇ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಬಣ್ಣ ಮಾಸುವುದಲ್ಲದೆ ತೆಳು ತುಂಡುಗಳು ಬಾಗಿ ಪಿನ್ ತೂತಿಗೆ ಕೂರುವುದಿಲ್ಲ. ಹಾಗೆ ಬಾಗಿದ ತುಂಡನ್ನು ಸ್ವಲ್ಪ ಹೊತ್ತು ಬಿಸಿನೀರಲ್ಲಿಟ್ಟು, ಮೆತ್ತಗಾದ ಮೇಲೆ ಜಾಗಕ್ಕೆ ಕೂರಿಸಿ ಆರಲು ಬಿಟ್ಟರೆ ಸರಿಹೋಗುತ್ತದೆ. ಕುದಿಯುವ ನೀರು ಬೇಡ.

ಫಿಸಿಯೋಥೆರಪಿ, ನರ್ಸಿಂಗ್, ವೈದ್ಯಕೀಯ ಮೊದಲ ವರ್ಷದವರಿಗೆ, ರೋಗಿಗಳಿಗೆ ಕಾರಣ ವಿವರಿಸುವವರಿಗೆ ಈ ಮಾದರಿ ಒಗ್ಗುತ್ತದೆ, ಮೇಲೆ ಹೇಳಿದ ತಿದ್ದುಪಡಿ ಮಾಡಿಕೊಂಡರೆ. ಪರದೆಯ ಮೇಲಿನ ಮೂರು ಆಯಾಮದ ಆ್ಯಪ್‌ಗಳಲ್ಲಿ ಆಳದ ಶಾಖೆಗಳು ಚೆನ್ನಾಗಿರುತ್ತವೆ, ಆದರೆ ರೇಡಿಯಲ್ ಕಾಲುವೆಯ ಮೇಲೆ ಬೆರಳಾಡಿಸುವ ಅನುಭವ ಅವುಗಳಿಂದ ಸಿಗದು. ಶಸ್ತ್ರಚಿಕಿತ್ಸೆ ಕಲಿಯುವವರಿಗೆ ಇದು ಸಾಲದು. ಬೇರೆ ತಯಾರಿಕೆಯ ತೋಳನ್ನು ನೋಡಲು ಹೋಗುವವರು ಮೂರು ಕಡೆ ತೆರೆದು ನೋಡಿ: ಟ್ರೈಸೆಪ್ಸ್ ಅಡಿಯ ಕಾಲುವೆ ಉಬ್ಬುನರ ಹೊಂದಿದೆಯೇ, ಸುಪೈನೇಟರ್ ಎರಡು ಪದರವಾಗಿದೆಯೇ, ಮಣಿಕಟ್ಟಿನ ಮುಚ್ಚಳ ಎತ್ತಿದಾಗ ಒಂಬತ್ತು ರಜ್ಜುಗಳನ್ನು ಎಣಿಸಬಹುದೇ.